ಕುಕ್ ಟೌನ್ ಪೋಕರ್ ಸರಣಿಯ ಅಧಿಕೃತ ಫಲಿತಾಂಶ

ಒಂದು ಕೈಗೆ ಒಬ್ಬರೇ ಆಟಗಾರರು. ಹಿಂದೆ ನಿಂತವರು ಬಾಯಿ ಬಿಡಬಾರದು. ಪೋಕರ್‌ನಲ್ಲಿ ಇದಕ್ಕಿಂತ ಸರಳವಾದ ನಿಯಮವಿಲ್ಲ, ಇದರಷ್ಟು ದಿನಾ ಮುರಿಯುವ ನಿಯಮವೂ ಇಲ್ಲ. ಎರಡು ಸಾವಿರದ ದಶಕದಲ್ಲಿ ಕುಕ್ ಟೌನ್‌ನ ನಮ್ಮ ಕ್ಲಬ್ಬು ಭಾನುವಾರಗಳಂದು ಪೋಕರ್ ಸರಣಿ ನಡೆಸಿತು. ತೀರ್ಪುಗಾರ ನಾನು. ನಿಯಮವನ್ನು ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದೆ. ಜನ ಅದಕ್ಕೇ ಒರಗಿ ನಿಂತು ಸಲಹೆ ಕೊಟ್ಟರು. ಸರಣಿ ಗೆದ್ದವರಿಗೆ ಗೋವಾದಲ್ಲಿ ವೃತ್ತಿಪರರ ಜೊತೆ ಆಡುವ ಅವಕಾಶವಿತ್ತು.

ಮೊದಲ ಭಾನುವಾರ

ನಿವೃತ್ತ ಕರ್ನಲ್ಲರ ಕುರ್ಚಿಯ ಹಿಂದೆ ಅವರ ಹೆಂಡತಿ ಸ್ವೆಟರ್ ಹೆಣೆಯುತ್ತ ನಿಂತಿದ್ದರು. ಕರ್ನಲ್ಲರು ಕಲ್ಲಿನಂಥ ಮುಖ ಮಾಡಿಕೊಂಡು ಪಣದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದರು. ಎದುರಿನವರು ಹೆದರಿ ಎಲೆ ಕೆಳಗಿಟ್ಟು ಸೋಲೊಪ್ಪುವುದರಲ್ಲಿದ್ದರು.

"ರೀ, ಕೈಯಲ್ಲಿ ಏನೂ ಇಲ್ವಲ್ಲ, ಯಾಕೆ ಇಷ್ಟೊಂದು ಹಾಕ್ತೀರಾ?" ಎಂದರು ಹೆಂಡತಿ.

"ಮೇಡಂ, ಆಟದ ಬಗ್ಗೆ ಮಾತಾಡೋ ಹಾಗಿಲ್ಲ," ಎಂದೆ.

"ಆಟದ ಬಗ್ಗೆ ಯಾರ್ರೀ ಮಾತಾಡಿದ್ದು? ನಮ್ಮನೆಯವರ ಬಗ್ಗೆ ಮಾತಾಡ್ತಿದ್ದೀನಿ."

ಎದುರಿನವರು ಎಲೆ ಕೆಳಗಿಡಲಿಲ್ಲ; ಕರ್ನಲ್ಲರ ಹೆಸರನ್ನು ಕೊನೆಯ ಸ್ಥಾನದಲ್ಲಿ ಬರೆದೆ. ಆಕೆ ಹೆಣಿಗೆ ನಿಲ್ಲಿಸದೆ, "ನಾನು ಆಗ್ಲೇ ಹೇಳ್ಲಿಲ್ವಾ," ಎಂದರು.

ನಡುವಿನ ಭಾನುವಾರಗಳು

ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿಯೊಬ್ಬರು ಸಾಲಾಗಿ ಗೆಲ್ಲುತ್ತ ಹೋದರು. ಗುಟ್ಟೇನೆಂದು ಕೇಳಿದೆ.

"ಎದುರಿಗೆ ಕೂತೋರ ಮುಖ ನೋಡಿ ಏನ್ ಸಿಗುತ್ತೆ ಸಾಬ್? ಹಿಂದೆ ನಿಂತೋರ ಮುಖ ನೋಡ್ತೀನಿ. ಒಳ್ಳೆ ಎಲೆ ಬಂದ್ರೆ ಆಟಗಾರ ನಗಲ್ಲ, ಅವನ ಭಾವಮೈದ ನಗ್ತಾನೆ."

ಮರುವಾರವೇ ಮೇಜಿನ ಸುತ್ತ ಹಗ್ಗ ಕಟ್ಟಿಸಿದೆ. ಬಗ್ಗಿ ಇಣುಕುವವರಿಗೆ ಹಿಡಿದುಕೊಳ್ಳಲು ಬಹಳ ಅನುಕೂಲವಾಯಿತು.

ಕೊನೆಯ ಭಾನುವಾರ

ಫೈನಲ್‌ನಲ್ಲಿ ವ್ಯಾಪಾರಿಯ ಎದುರು ಹಲಸೂರಿನ ದಂತವೈದ್ಯೆ. ಇಬ್ಬರ ಬಿಲ್ಲೆಗಳೂ ಸಮಸಮ. ಸಂಜೆಗೆ ಕ್ಲಬ್ಬಿನ ಸಭಾಂಗಣವನ್ನು ಯಾರದೋ ಆರತಕ್ಷತೆಗೆ ಕೊಟ್ಟಿದ್ದರಿಂದ ಶಾಮಿಯಾನದವರು ಬಂದು ಕುರ್ಚಿ ಎಳೆಯತೊಡಗಿದ್ದರು. "ಇದೇ ಕೊನೆಯ ಕೈ. ಗೆದ್ದವರು ಗೋವಾಕ್ಕೆ," ಎಂದು ಘೋಷಿಸಿದೆ.

ಎಲೆ ಹಂಚಿದ್ದೇ ತಡ, ವೈದ್ಯೆಯ ಮನೆಮಂದಿಯೆಲ್ಲ ಹಗ್ಗದ ಮೇಲೆ ಬಾಗಿದರು.

"ಅತ್ತಿಗೆ, ಸ್ವಲ್ಪ ಎತ್ತಿ ಹಿಡೀರಿ, ಕಾಣಿಸ್ತಿಲ್ಲ," ಎಂದ ಮೈದುನ.

"ಕಾಣಿಸೋದೂ ಇಲ್ಲ. ನಾನೇ ನೋಡ್ತಿಲ್ಲ," ಎಂದು ಆಕೆ ಕವುಚಿ ಬಿದ್ದ ಎಲೆಗಳ ಮೇಲೆ ಅಂಗೈಯಿಟ್ಟು, ಇದ್ದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿಬಿಟ್ಟರು.

ವ್ಯಾಪಾರಿ ರೂಢಿಯಂತೆ ಆಕೆಯ ಹಿಂದೆ ಕಣ್ಣು ಹಾಯಿಸಿದರು. ಮೈದುನ ತಲೆಯ ಮೇಲೆ ಕೈ ಹೊತ್ತಿದ್ದ. ಅತ್ತೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು. ಗಂಡ ಫ್ಯಾನು ನೋಡುತ್ತಿದ್ದರು.

"ಸಾಬ್," ಎಂದರು ವ್ಯಾಪಾರಿ ನನಗೆ, "ಇವರ ಕಡೆಯವರ ಮುಖ ಏನೂ ಹೇಳ್ತಿಲ್ವಲ್ಲ, ನಾನ್ ಹೇಗೆ ಆಡೋದು?"

ಅದಕ್ಕೆ ನನ್ನ ನಿಯಮಾವಳಿಯಲ್ಲಿ ಪರಿಹಾರವಿರಲಿಲ್ಲ. ಅವರು ಬೆವರು ಒರೆಸಿಕೊಂಡು, ಕೈಯಲ್ಲಿದ್ದ ಅಷ್ಟೊಳ್ಳೆಯ ಜೋಡಿ ರಾಜರನ್ನೇ ಕೆಳಗಿಟ್ಟು ಸೋಲೊಪ್ಪಿಕೊಂಡರು.

"ಈಗಾದ್ರೂ ತೋರ್ಸಿ ಮೇಡಂ," ಎಂದು ಇಡೀ ಸಭಾಂಗಣ ಬೇಡಿಕೊಂಡಿತು. ಶಾಮಿಯಾನದವರೂ ಕುರ್ಚಿ ಬಿಟ್ಟು ಬಂದಿದ್ದರು. ವೈದ್ಯೆ ತಮ್ಮ ಎರಡೂ ಎಲೆಗಳನ್ನು ಕವುಚಿದಂತೆಯೇ ಕಟ್ಟಿನೊಳಗೆ ತೂರಿಸಿ, ಚೆನ್ನಾಗಿ ಕಲಸಿ, ನನ್ನ ಕೈಗಿಟ್ಟರು.