ಅಕ್ಕನ ದಸರಾ ರಜೆ

ನಮ್ಮಕ್ಕನಿಗೆ ಹಲ್ಲು ನೋವು ಕೂಡ ಶಾಲೆಯ ವೇಳಾಪಟ್ಟಿ ನೋಡಿಕೊಂಡೇ ಬರಬೇಕು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ತುಮಕೂರಿನಿಂದ ದಿನಾ ಗುಬ್ಬಿಗೆ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುವ ಮೇಡಂ ಅವಳು. ದವಡೆ ಊದಿಕೊಂಡರೆ ಒಂದು ಲವಂಗ ಕಚ್ಚಿಕೊಂಡು, "ದಸರಾ ರಜೇಲಿ ಕೀಳಿಸ್ತೀನಿ ಬಿಡೋ" ಎನ್ನುತ್ತಾಳೆ. ಪಾಪ, ಹಲ್ಲೂ ಹೆದರಿ ಸುಮ್ಮನಾಗುತ್ತದೆ.

ಜಗಳವೂ ರಜೆಗೇ! ಒಂದು ಆಷಾಢದಲ್ಲಿ ಭಾವ ಅವಳನ್ನು ಕೇಳದೆ ಹಳೇ ಗ್ರೈಂಡರನ್ನು ತಮ್ಮ ತಂಗಿಗೆ ಕೊಟ್ಟುಬಿಟ್ಟರು. "ಈಗ ಟೈಮಿಲ್ಲ, ರಜೇಲಿ ವಿಚಾರಿಸ್ಕೋತೀನಿ" ಎಂದು ಅಕ್ಕ ಬಸ್ಸು ಹತ್ತಿದಳು. ದಸರಾ ರಜೆಯ ಮೊದಲ ಬೆಳಗ್ಗೆ ಭಾವ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರೆ ಎದುರಿಗೆ ಬಂದು ನಿಂತಳು.

"ಹೂಂ, ಈಗ ಹೇಳಿ. ಯಾಕೆ ಕೊಟ್ರಿ?"

"ಏನನ್ನೇ?"

ಮರೆತಿದ್ದಕ್ಕೆ ಇನ್ನೊಂದು ಜಗಳವಾಯಿತು!

ಈ ವರ್ಷ ಶಾಲೆ ಶುರುವಾದ ಹೊಸದರಲ್ಲೇ ಕುಣಿಗಲ್ಲಿನ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡರು. ಬಂದವರಿಗೆಲ್ಲ ಊಟ, ಚಾಪೆ, ಬಸ್ಸಿನ ದಾರಿ ಎಲ್ಲ ನೋಡಿಕೊಂಡವಳು ಅಕ್ಕನೇ. ಒಂದು ಹನಿ ಕಣ್ಣೀರಿಲ್ಲ. ತಿಥಿ ಮುಗಿದ ಮರುದಿನವೇ ಹೊರಟಳು. ನನಗೆ ಸಂಕಟ, ಜೊತೆಗೆ ಸಿಟ್ಟು.

"ಅತ್ತುಬಿಡಕ್ಕ, ಹಗುರಾಗುತ್ತೆ" ಎಂದೆ.

"ಮಕ್ಕಳಿಗೆ ಇನ್ನೂ ಪುಸ್ತಕ ಹಂಚಿಲ್ಲ ಕಣೋ. ದಸರಾ ರಜೇಲಿ ಬರ್ತೀನಿ. ಅಮ್ಮನ್ ಜೊತೆ ಕೂತ್ಕೊಂಡು ನಿಧಾನವಾಗಿ ಅಳ್ತೀನಿ."

ನಗುವುದೋ, ಬೈಯುವುದೋ?

ದಸರಾ ಬಂತು. ಅದರ ಹಿಂದೆಯೇ ಆದೇಶವೂ ಬಂತು: ರಜೆ ಮಕ್ಕಳಿಗೆ ಮಾತ್ರ, ಶಿಕ್ಷಕರಿಗೆ ಮನೆಮನೆ ಸಮೀಕ್ಷೆ! ಅಕ್ಕನಿಗೆ ಬೆಳ್ಳಾವಿ ಕಡೆ ಬಿತ್ತು. ಫೋನ್ ಮಾಡಿ, "ಬರಕ್ಕಾಗಲ್ಲ ಕಣೋ. ಇನ್ನು ಬೇಸಿಗೆ ರಜೇಲೇ" ಎಂದಳು. ಅಳುವುದನ್ನು ಬೇಸಿಗೆಗೆ ಹಾಕಿದವರನ್ನು ನಾನಂತೂ ಕಂಡಿಲ್ಲ. ಅಮ್ಮನಿಗೆ ಹೇಳಿದೆ. ಅವಳು ಅಕ್ಕನಿಗೆಂದು ತೆಗೆದಿಟ್ಟಿದ್ದ ಹರಳೆಣ್ಣೆಯನ್ನು ಮತ್ತೆ ಒಳಗಿಟ್ಟಳು.

ಆದರೆ ನಾಲ್ಕಾರು ದಿನ ಕಳೆಯುವಷ್ಟರಲ್ಲಿ, ಒಂದು ಮಧ್ಯಾಹ್ನ, ಕೊರಳಲ್ಲಿ ಐಡಿ ಕಾರ್ಡ್ ನೇತಾಡಿಸಿಕೊಂಡೇ ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನಕ್ಕ, ರಜೆ ಕೊಟ್ರಾ?"

"ಕೊಡ್ಲಿಲ್ಲ ಕಣೋ, ಹಾಕ್ದೆ" ಎಂದು ಅಲ್ಲೇ ಹೊಸ್ತಿಲ ಹತ್ತಿರ ಕೂತಳು. "ಬೆಳಗ್ಗೆ ಒಬ್ಬಜ್ಜಿ ಮನೇಗ್ ಹೋಗಿದ್ದೆ. ಮನೇಲಿ ಯಾರ್‍ಯಾರಿದೀರಜ್ಜಿ ಅಂದೆ. 'ನಾನು, ನಮ್ಮೆಜಮಾನ್ರು' ಅಂತು. ಅವ್ರೆಲ್ಲಜ್ಜಿ ಅಂದ್ರೆ, 'ಅಗೋ' ಅಂತ ಗೋಡೆ ಮೇಲಿನ ಫೋಟೋ ತೋರಿಸ್ತು. ಬರ್ಕೊಳವ್ವ ಅಂತು. ಏನಂತ ಬರ್ಕೊಳ್ಲೋ..."

ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಅಮ್ಮ ಹರಳೆಣ್ಣೆಯ ಬಟ್ಟಲು ಹಿಡಿದು ಹೊರಗೆ ಬಂದಳು. ಮಗಳ ಪಕ್ಕದಲ್ಲಿ ಕೂತು, ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಬಂದ್ಯಾ? ನಾನೂ ಇನ್ನೂ ಅತ್ತಿಲ್ಲ ಕಣೇ. ನಿನ್ ರಜೆಗೇ ಕಾಯ್ತಿದ್ದೆ."