ಮೇವು ಬಿಟ್ಟ ಟ್ರ್ಯಾಕ್ಟರ್

ನಮ್ಮ ಮನೆಗಳಲ್ಲಿ ನಡೆಯುವ ವಸ್ತುಗಳಿಗಿಂತ ನಿಂತುಹೋದ ವಸ್ತುಗಳಿಗೆ ಮರ್ಯಾದೆ ಹೆಚ್ಚು. ಹಗಲೂ ರಾತ್ರಿ ತಿರುಗುವ ಫ್ಯಾನಿನ ಧೂಳು ಒರೆಸುವವರಿಲ್ಲ. ಅಜ್ಜನ ನಿಂತ ಗಡಿಯಾರಕ್ಕೆ ಮಾತ್ರ ದಸರೆಗೊಮ್ಮೆ ಸೇವಂತಿಗೆ ಹಾರ. ಮನುಷ್ಯರ ವಿಷಯವೂ ಬಹುಶಃ ಹೀಗೆಯೇ ಇರಬೇಕು, ಆದರೆ ನಾನಿನ್ನೂ ನಡೆಯುತ್ತಿರುವುದರಿಂದ ಖಚಿತವಾಗಿ ಹೇಳಲಾರೆ. ನಾಚಾರಂನ ನಮ್ಮ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಒಂದು ಪುಟ್ಟ ಟ್ರ್ಯಾಕ್ಟರ್ ವರ್ಷಗಟ್ಟಲೆ ಇಂಥ ಮರ್ಯಾದೆ ಪಡೆಯುತ್ತ ನಿಂತಿತ್ತು. ಅದರ ಮೇಲೊಂದು ತಾಡಪತ್ರಿ, ತಾಡಪತ್ರಿಯ ಮೇಲೆ ಉದುರಿದ ಬೇವಿನೆಲೆ, ಅದರ ಮೇಲೆ ಪಕ್ಕದ ಮನೆಯ ಬೆಕ್ಕು. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಟ್ರ್ಯಾಕ್ಟರ್ ತೋರಿಸುವ ಮನೆ ಹೈದರಾಬಾದಿನಲ್ಲಿ ಇನ್ನೊಂದು ಇದ್ದಿರಲಾರದು.

ಟ್ರ್ಯಾಕ್ಟರ್ ಎಂದಕೂಡಲೇ ಹೊಲ ಉಳುವ ದೊಡ್ಡ ಯಂತ್ರವನ್ನು ನೆನೆಸಿಕೊಳ್ಳಬೇಡಿ. ಇದು ತೋಟದ್ದು. ಹಸಿರು ಬಣ್ಣ, ಎರಡು ಗಾಲಿ, ನಡುವೆ ಒಂದು ಪೆಟ್ರೋಲ್ ಇಂಜಿನು, ಹಿಂದೆ ಎರಡು ಉದ್ದನೆಯ ಹಿಡಿ. ಹಗ್ಗ ಸುತ್ತಿ ಜಗ್ಗಿ ಚಾಲೂ ಮಾಡಿ, ಹಿಡಿ ಹಿಡಿದುಕೊಂಡು ಹಿಂದೆ ನಡೆಯಬೇಕು. ಅದನ್ನು ತಂದವನು ನಮ್ಮಪ್ಪ. ಅವನದು ಸೇಡಂ ಕಡೆಯ ಒಕ್ಕಲುತನದ ಮನೆ. ಓದಲು ಹೈದರಾಬಾದಿಗೆ ಬಂದವನು ಇಲ್ಲೇ ಸರ್ಕಾರಿ ನೌಕರಿಗೆ ಸೇರಿದ. ರಾಜ್ಯಗಳ ಹಂಚಿಕೆಯಾದಾಗ ಊರು ಕರ್ನಾಟಕಕ್ಕೆ ಹೋಯಿತು, ಅಪ್ಪನೂ ಅವನ ನೌಕರಿಯೂ ಆಂಧ್ರದಲ್ಲಿ ಉಳಿದವು, ಒಕ್ಕಲುತನ ಮಾತ್ರ ಯಾವ ಕಡೆ ಹೋಗಬೇಕೋ ತಿಳಿಯದೆ ಅವನ ಮೈಯಲ್ಲೇ ಉಳಿಯಿತು. ಕಾರ್ಖಾನೆಗಳು ಆಗತಾನೇ ಏಳುತ್ತಿದ್ದ ನಾಚಾರಂನಲ್ಲಿ ಒಂದು ಬಯಲು ಕೊಂಡು, ಮೂಲೆಯಲ್ಲಿ ಮನೆ ಕಟ್ಟಿ, ಉಳಿದದ್ದಕ್ಕೆಲ್ಲ ಬದನೆ, ಚವಳಿ, ಪುಂಡಿಪಲ್ಲೆ ಹಾಕಿದ. ಒಂದು ಜೋಡಿ ಎತ್ತು ಕಟ್ಟಬೇಕೆಂಬ ಆಸೆಯೂ ಅವನಿಗಿತ್ತು. ಅವ್ವ ಒಂದೇ ಮಾತಿನಲ್ಲಿ ಅದನ್ನು ಮುಗಿಸಿದಳು. "ನೀವು ಪ್ಯಾಂಟ್ ಹಾಕ್ಕೊಂಡು ಆಫೀಸಿಗೆ ಹೊಕ್ಕೀರಿ. ಸಗಣಿ ಬಳಿಯೋರು ಯಾರ್ರಿ?" ಮುಂದಿನ ವಾರವೇ ಅಪ್ಪ ಯಾವುದೋ ಹರಾಜಿನಲ್ಲಿ ಸಗಣಿ ಹಾಕದ ಈ ಎತ್ತನ್ನು ಹಿಡಿದುಕೊಂಡು ಬಂದ.

ಎತ್ತು ಎಂದು ನಾನು ಸುಮ್ಮನೆ ಅನ್ನುತ್ತಿಲ್ಲ. ನಮ್ಮ ಕಡೆ ಕಾರಹುಣ್ಣಿಮೆ ಎತ್ತುಗಳ ಹಬ್ಬ. ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಅರಿಸಿನ ಕಲಸಿ ಗಂಟಲಿಗೆ ಹೊಯ್ಯುತ್ತಾರೆ. ಮೈಗೆ ಕಸುವು ಬರುತ್ತದೆಂದು ನಂಬಿಕೆ. ಸಂಜೆ ಅಗಸಿಯಲ್ಲಿ, ಎಂದರೆ ಊರ ಹೆಬ್ಬಾಗಿಲಲ್ಲಿ, ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತು ಓಡಿಸುತ್ತಾರೆ. ಆ ಹಗ್ಗವೇ ಕರಿ. ಮೊದಲು ಬಂದ ಎತ್ತು ಕರಿ ಹರಿಯುತ್ತದೆ, ಅದರ ಬಣ್ಣದ ಮೇಲೆ ಆ ವರ್ಷ ಯಾವ ಬೆಳೆ ಎಂದು ಹಿರಿಯರು ಹೇಳುತ್ತಾರೆ. ಇದೆಲ್ಲವೂ ನಮ್ಮ ಟ್ರ್ಯಾಕ್ಟರಿಗೆ ನಡೆಯುತ್ತಿತ್ತು. ಹಿಡಿಗಳೇ ಕೋಡು ಎಂದಾಯಿತು. ಕೋಡು ಹಿಂದಕ್ಕಿರುವ ಎತ್ತಿಗೆ ಬಾಯಿ ಎಲ್ಲಿ ಎಂಬ ಪ್ರಶ್ನೆ ಬಂದಾಗ ಅವ್ವ, "ಉಣ್ಣೋ ಕಡೆನ ಬಾಯಿ" ಎಂದು ಪೆಟ್ರೋಲ್ ಟಾಂಕಿಯನ್ನು ತೋರಿಸಿದಳು. ಅಪ್ಪ ಬೆರಳ ತುದಿಯಲ್ಲಿ ಕುಸುಬಿ ಎಣ್ಣೆ ತೆಗೆದುಕೊಂಡು ಟಾಂಕಿಯ ಮುಚ್ಚಳಕ್ಕೆ ಮುಟ್ಟಿಸುತ್ತಿದ್ದ. ಸಂಜೆ ಗೇಟಿನಿಂದ ಪೇರಲ ಗಿಡಕ್ಕೆ ಕರಿ ಕಟ್ಟಿ, ಧೋತರ ಮೇಲೆತ್ತಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಒಂದೇ ಎತ್ತಾದ್ದರಿಂದ ಪ್ರತಿ ವರ್ಷವೂ ಅದೇ ಗೆಲ್ಲುತ್ತಿತ್ತು. ಹಸಿರು ಎತ್ತು ಗೆದ್ದರೆ ಯಾವ ಬೆಳೆ ಎಂದು ಯಾರೂ ಹೇಳಿರಲಿಲ್ಲವಾಗಿ, ಕಾಯಿಪಲ್ಲೆ ಎಂದು ಅಪ್ಪನೇ ಶಾಸ್ತ್ರಕ್ಕೆ ಸೇರಿಸಿದ. ನಾಚಾರಂನ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬರುವ ಜನ ಸೈಕಲ್ ನಿಲ್ಲಿಸಿ, ಸರ್ಕಾರಿ ಸಾಹೇಬರಿಗೆ ಏನೋ ಆಗಿದೆ ಎಂದು ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆಗ ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ಸಂಜೆಯಲ್ಲಿ ಇನ್ನೊಂದು ಸಲ ನಾಚಿಕೊಂಡು ನಿಲ್ಲಬೇಕು ಅನಿಸುತ್ತದೆ.

ಅಪ್ಪ ತೀರಿಹೋದ ವರ್ಷ ಹಬ್ಬ ಬೇಡವೆಂದೆವು, ಅವ್ವ ಕೇಳಲಿಲ್ಲ. "ಎತ್ತಿಗೆ ಸೂತಕ ಇರಂಗಿಲ್ಲ" ಎಂದು ಪೂಜೆಯನ್ನು ತಾನೇ ಮಾಡಿದಳು. ಸಂಜೆ ನಾನು ಹಗ್ಗ ಜಗ್ಗಿದೆ, ಜಗ್ಗಿದೆ, ರಟ್ಟೆ ಬಿದ್ದುಹೋಗುವ ಹಾಗೆ ಜಗ್ಗಿದೆ. ಟ್ರ್ಯಾಕ್ಟರ್ ಕೆಮ್ಮಲೂ ಇಲ್ಲ. ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಜಮಾನ ಹೋದ ಮ್ಯಾಲ ಎತ್ತು ಮೇವು ಬಿಟ್ಟಂಗ ಬಿಟ್ಟೈತಿ ನೋಡು" ಎಂದಳು. ಈ ಮಾತು ನನಗೆ ಎರಡು ರೀತಿಯಲ್ಲಿ ಒದಗಿತು. ಮೊದಲನೆಯದು, ನಾನು ರಕ್ಷಣಾ ಕಾರ್ಖಾನೆಯೊಂದರಲ್ಲಿ ಇದ್ದವನು. ಆದ್ದರಿಂದ ಯಂತ್ರ ನನ್ನ ಕೈಗೆ ಬಗ್ಗುತ್ತದೆಂದು ನೆಂಟರ ತಿಳುವಳಿಕೆ. ನಾನು ಅಲ್ಲಿ ನೋಡಿಕೊಳ್ಳುತ್ತಿದ್ದುದು ಜನರ ರಜೆ ಅರ್ಜಿಗಳನ್ನು. ಯಂತ್ರ ಶೋಕದಲ್ಲಿದೆ ಎಂದಮೇಲೆ ರಿಪೇರಿಯ ಮಾತೇ ಇಲ್ಲ. ಎರಡನೆಯದು, ಕಥೆಯಾಗಿ ಅದು ಬಹಳ ಚೆನ್ನಾಗಿತ್ತು. ಮದುವೆ ಮನೆಯಲ್ಲಿ ಹೇಳಿದೆ, ಕ್ಯಾಂಟೀನಿನಲ್ಲಿ ಹೇಳಿದೆ, ಕನ್ನಡದವರ ಕೂಟದಲ್ಲಿ ಮೈಕು ಹಿಡಿದು ಹೇಳಿದೆ. ಮುಂದಿನ ಸಾಲಿನ ಹೆಂಗಸರು ಅತ್ತರು. ಅವ್ವನೂ ಅತ್ತಳು. ವರ್ಷ ಕಳೆದಂತೆ ಕಥೆ ಬೆಳೆಯಿತು. ಕೊನೆಕೊನೆಗೆ ಟಾಂಕಿಯಿಂದ ಒಂದು ಹನಿ ಪೆಟ್ರೋಲ್ ಕಣ್ಣೀರಿನಂತೆ ಉದುರುತ್ತಿತ್ತು.

ಹೀಗಿರುವಾಗ ನನ್ನ ಹೆಂಡತಿ ವಿಮಲಾ, ಬೇವಿನ ಮರದ ಕೆಳಗೆ ಕಾರಿಗೆ ಜಾಗ ಬೇಕು ಎಂದಳು. ನಮ್ಮಲ್ಲಿ ಕಾರು ಇರಲಿಲ್ಲ. ಜಾಗವಾದರೆ ಕಾರು ಬರುತ್ತದೆ ಎಂಬುದು ಅವಳ ತರ್ಕ. ಗುಜರಿಯವನನ್ನೂ ಕರೆಸಿಬಿಟ್ಟಳು. ಅವನು ಗಾಲಿ ಒದ್ದು ನೋಡುತ್ತಿದ್ದಾಗ ಅವ್ವ ಕಟ್ಟೆಯ ಮೇಲಿಂದ, "ಒಯ್ಯಲಿ ಬಿಡವಾ, ಬ್ಯಾಡ ಅನ್ನಂಗಿಲ್ಲ. ಒಂದ ಸಲ ಕರಿ ಹರಿದು ಹೋಗಲಿ. ನಿಂತ ಎತ್ತನ್ನ ಮನಿಯಿಂದ ಕಳಿಸಬಾರದು" ಎಂದಳು. ಕಾರಹುಣ್ಣಿಮೆ ಹತ್ತಿರದಲ್ಲೇ ಇತ್ತು. ವಿಮಲಾ ಅತ್ತೆಯ ಮುಖ ನೋಡಿ ಗುಜರಿಯವನನ್ನು ಕಳಿಸಿದಳು, ಆಮೇಲೆ ನನ್ನ ಮುಖ ನೋಡಿ, "ಹುಣ್ಣಿವಿ ತನಕ ರೀ, ಆಮ್ಯಾಗ ಒಂದು ದಿನಾನೂ ಇಲ್ಲ" ಎಂದಳು. ಅವ್ವ ಆ ದಿನದಿಂದ ಊಟದ ನಡುವೆ ಕೈ ನಿಲ್ಲಿಸಿ ಹಿತ್ತಲ ಕಡೆ ಕಿವಿ ಕೊಡತೊಡಗಿದಳು. ಅವಳು ಕಾಯುತ್ತಿದ್ದುದು ಆ ಡಬಡಬ ಸದ್ದಿಗೆ. ಅದು ನನಗೆ ಗೊತ್ತಾದ ದಿನ ಊಟ ಮುಗಿಸಿ ನೇರ ಓಣಿಗೆ ಇಳಿದೆ.

ಓಣಿಯ ಮೂಲೆಯಲ್ಲಿ ಗೌಸ್ ಭಾಯಿಯ ರಿಪೇರಿ ಅಂಗಡಿ. ತನಗೆ ಬಾರದ ಇಂಜಿನು ಇನ್ನೂ ಹುಟ್ಟಿಲ್ಲವೆಂದು ಅವನೇ ಹೇಳಿಕೊಳ್ಳುತ್ತಿದ್ದ. ಮೊದಲ ದಿನ ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಡಿ ಬರುತ್ತಿಲ್ಲ ಎಂದ. ರಾಣಿಗಂಜಿನ ಅಂಗಡಿಗಳನ್ನೆಲ್ಲ ಅಲೆದು ನಾನು ಹೊಸ ಪ್ಲಗ್ಗು ತಂದೆ. ಕಿಡಿ ಬಂತು, ಟ್ರ್ಯಾಕ್ಟರ್ ಏಳಲಿಲ್ಲ. ಹಾಗಾದರೆ ವಾಲ್ವು ಎಂದ. ಅದೂ ಅಲ್ಲ. ನನಗೆ ಒಳಗೊಳಗೇ ಹೆಮ್ಮೆ. ಶೋಕಕ್ಕೆ ರಾಣಿಗಂಜಿನಲ್ಲಿ ಸಾಮಾನು ಸಿಗುತ್ತದೆಯೇ? ಗೌಸ್ ಭಾಯಿಗೂ ನಮ್ಮಪ್ಪನ ಕಥೆ ಹೇಳಿದೆ. ಅವನು ತಲೆಗೆ ಟೋಪಿ ಹಾಕಿಕೊಂಡು ಗಂಭೀರವಾಗಿ ಕೇಳಿದ. ಮರುದಿನ ಟಾಂಕಿ ಬಿಚ್ಚಿ, ಒಳಗೆ ಬೆರಳು ಹಾಕಿ, ಹೊರತೆಗೆದು ಮೂಸಿದ. "ಕ್ಯಾ ಸಾಬ್, ಟಾಂಕೀ ಮೇ ಹಲೀಮ್ ಪಕಾರೇ ಕ್ಯಾ?"

ಬೆರಳ ತುದಿಯಲ್ಲಿ, ರಂಜಾನಿನಲ್ಲಿ ಬೇಯಿಸುವ ಹಲೀಮಿನ ಗಂಜಿಯಂಥದೇ, ಹಳದಿ ಕಂದು ಬಣ್ಣದ ಅಂಟು. ಒಳಗೆ ಟಾಂಕಿಯ ತಳದ ತುಂಬ ಅದೇ, ಪೆಟ್ರೋಲ್ ಇಳಿಯುವ ಕೊಳವೆಯಲ್ಲೂ ಅದೇ. ಕುಸುಬಿ ಎಣ್ಣೆ ವರ್ಷಗಟ್ಟಲೆ ಇದ್ದು ವಾರ್ನಿಶ್ ಆಗಿತ್ತು, ಅದರಲ್ಲಿ ಅರಿಸಿನ. ನನಗೆ ಕಣ್ಣಿಗೆ ಕಟ್ಟಿತು. ಅಪ್ಪನಿಲ್ಲದ ಆ ಹುಣ್ಣಿಮೆಯಲ್ಲಿ ಅವ್ವ ಬೆರಳು ಮುಟ್ಟಿಸಿ ಬಿಟ್ಟಿರಲಿಲ್ಲ, ನಿಜವಾದ ಎತ್ತಿಗೆ ಹೊಯ್ಯುವಂತೆ ಗೊಟ್ಟ ಹೊಯ್ದಿದ್ದಳು. ಟ್ರ್ಯಾಕ್ಟರ್ ಮೇವು ಬಿಟ್ಟಿರಲಿಲ್ಲ. ಅದಕ್ಕೆ ಹೊಟ್ಟೆ ಕೆಟ್ಟಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಭಯವಾಯಿತು. ಗಂಡನ ನೆನಪಿಗೆ ಅತ್ತ ಯಂತ್ರವೆಂದು ಇಷ್ಟು ವರ್ಷ ನಂಬಿಕೊಂಡವಳಿಗೆ, ನಿನ್ನ ಕೈಯೇ ಅದನ್ನು ನಿಲ್ಲಿಸಿತು ಎಂದು ಹೇಳುವುದು ಹೇಗೆ? ಗೌಸ್ ಭಾಯಿಯ ಕೈ ಹಿಡಿದುಕೊಂಡು, ಅವ್ವನ ಮುಂದೆ ಬಾಯಿ ಬಿಡಬೇಡ ಎಂದೆ. "ಮಾ ಕೇ ಸಾಮ್ನೇ? ತೋಬಾ" ಎಂದು ಅವನು ಕೆನ್ನೆ ಬಡಿದುಕೊಂಡ. ಸೋಡಾಖಾರದ ಬಿಸಿನೀರಿನಲ್ಲಿ ಟಾಂಕಿ ತೊಳೆದು ತೊಳೆದು ಅವನ ಅಂಗಡಿಯೆಲ್ಲ ಹಬ್ಬದಡುಗೆಯ ವಾಸನೆ ಹಿಡಿಯಿತು.

ಹುಣ್ಣಿಮೆಯ ಸಂಜೆ ಬಂತು. ಕರಿ ಕಟ್ಟಿಯಾಗಿತ್ತು. ವಿಮಲಾಳೇ ಹಿಡಿಗಳಿಗೆ ಕೆಂಪು ಬಣ್ಣ ಬಳಿದು ಗೆಜ್ಜೆ ಕಟ್ಟಿದ್ದಳು. ಕಾರಿನ ಮಾತು ಎತ್ತಲಿಲ್ಲ. ಹಗ್ಗ ಸುತ್ತಿ ನಿಂತಾಗ ನೋಡುತ್ತೇನೆ, ಅವ್ವ ಅಡುಗೆ ಮನೆಯಿಂದ ಹಿತ್ತಾಳೆ ಗಿಂಡಿಯಲ್ಲಿ ಎಣ್ಣೆ ಹಿಡಿದುಕೊಂಡು ಬರುತ್ತಿದ್ದಾಳೆ. ನಾನು ಹಗ್ಗ ಬಿಟ್ಟು ಅಡ್ಡ ನಿಂತೆ. "ಅವ್ವಾ, ಅದಕ್ಕ ಎಣ್ಣಿ ಬ್ಯಾಡ. ವಯಸ್ಸಾಗೈತಿ. ಗೌಸ್ ಭಾಯಿ ಪಥ್ಯ ಹೇಳ್ಯಾನ" ಎಂದೆ.

ಅವ್ವ ನನ್ನನ್ನೇ ನೋಡಿದಳು. "ಕೋಡಿಗೆ ಹಚ್ಚಾಕ ತಂದೇನೋ. ಟಾಂಕಿಗೆ ಮತ್ತ ಹಾಕಾಕ ನನಗೇನು ಹುಚ್ಚು ಹಿಡದೈತೇನು?" ಎಂದು ಹಿಡಿಗಳಿಗೆ ಎಣ್ಣೆ ಸವರತೊಡಗಿದಳು. "ಆ ವರ್ಷ ಗಿಂಡಿ ತುಂಬ ಹಾಕಿದ್ದೆ. ಅವರಿಲ್ಲ, ದುಡಿಯೋ ಜೀವ ಬಡವಾಗಬಾರದು ಅಂತ. ಹಗ್ಗ ಜಗ್ಗಿ ಜಗ್ಗಿ ನೀ ಸುಸ್ತಾದಾಗನ ತಿಳೀತು. ಹೇಳಬೇಕು ಅನ್ನೂದ್ರಾಗ ನೀ ಮಂದಿಗೆಲ್ಲ ಕಥಿ ಹೇಳಾಕತ್ತಿದ್ದಿ. ಭಾಳ ಚಂದ ಹೇಳತಿದ್ದ್ಯಪ್ಪ. ನಿನ್ನ ಮಾತು ಮುರಿಯಾಕ ಮನಸಾಗಲಿಲ್ಲ. ಕೇಳಿ ಕೇಳಿ ನಾನೂ ಅತ್ತೆ."

ಬೇಲಿಯಾಚೆ ನಿಂತು ನೋಡುತ್ತಿದ್ದ ಗೌಸ್ ಭಾಯಿಗೆ ಕನ್ನಡ ಬರದಿದ್ದುದು ನನ್ನ ಪುಣ್ಯ. ನಾನು ಹಗ್ಗ ಜಗ್ಗಿದೆ. ಡಬಡಬಡಬ. ಅದೇ ಸದ್ದು. ಅವ್ವ ಗಿಂಡಿ ಹಿಡಿದುಕೊಂಡೇ ಕಣ್ಣು ಮುಚ್ಚಿ ನಿಂತಳು. ಅಪ್ಪನ ಧೋತರದ ಹಾಗೆ ಪ್ಯಾಂಟು ಮೇಲೆತ್ತಿಕೊಂಡು ನಾನು ನಡೆದೆ, ಗೆಜ್ಜೆ ನಡೆಯಿತು, ಮನೆಯೆಲ್ಲ ಹಿಂದೆ ನಡೆಯಿತು. ಕರಿ ಇನ್ನೊಂದು ಮಾರು ಇದೆ ಎನ್ನುವಾಗ ಟ್ರ್ಯಾಕ್ಟರ್ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ನನ್ನ ಕಣ್ಣು ತುಂಬಿತು. ಅಪ್ಪ ಸಂಜೆ ನಿಂತು ತೋಟ ನೋಡುತ್ತಿದ್ದ ಜಾಗ, ಸರಿಯಾಗಿ ಅಲ್ಲೇ ನಿಂತಿತು, ಎಂದು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅವ್ವ ಬೆನ್ನ ಮೇಲೆ ಕೈ ಇಟ್ಟು, "ಕಥಿ ಆಮ್ಯಾಗ ಹೇಳುವಂತಿ. ಮೊದಲ ಪೆಟ್ರೋಲ್ ಐತೇನ್ ನೋಡು" ಎಂದಳು.

ಇರಲಿಲ್ಲ. ಪರೀಕ್ಷೆಗೆಂದು ಗೌಸ್ ಭಾಯಿ ಹಾಕಿದ್ದಷ್ಟೇ; ತುಂಬಿಸುವುದು ನನಗೆ ಹೊಳೆದೇ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಸೈಕಲ್ ಹತ್ತಿ ಬಂಕಿಗೆ ಓಡಿದೆ. ಪೆಟ್ರೋಲ್ ಹಾಕುವವನು ಡಬ್ಬಿ ನೋಡಿ, "ಏ ಬಂಡಿಕಿ ಸಾರ್?" ಎಂದ, ಯಾವ ಗಾಡಿಗೆ ಎಂದು. ಟ್ರ್ಯಾಕ್ಟರಿಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಮುಖದಲ್ಲಿ ನಿಜವಾದ ಕುತೂಹಲವಿತ್ತು, ನನ್ನ ನಾಲಗೆ ಹಳೆಯದು. "ಅದೊಂದು ದೊಡ್ಡ ಕಥೆಯಪ್ಪ" ಎಂದು ನನ್ನ ಹರಕು ತೆಲುಗಿನಲ್ಲೇ ಶುರು ಮಾಡಿದೆ. "ನಮ್ಮಪ್ಪ ಹೋದ ವರ್ಷ ಅದು ಮೇವು ಬಿಟ್ಟಿತು."

ಆ ಸಂಜೆ ಕರಿ ಹರಿಯಿತು. ಹಸಿರು ಎತ್ತೇ ಗೆದ್ದಿತು. ಸ್ವಲ್ಪ ಕತ್ತಲಾಗಿತ್ತು ಅಷ್ಟೆ. ಬಂಕಿನಲ್ಲಿ ಯಾಕಷ್ಟು ಹೊತ್ತಾಯಿತು ಎಂದು ಅವ್ವ ಕೇಳಿದ್ದಕ್ಕೆ, ಭಾರಿ ಸಾಲು ಇತ್ತು ಎಂದಿದ್ದೇನೆ.