ತಾಳ ಎಲ್ಲಿ ಇಳಿಯಿತು?

ನಮ್ಮ ಭಾವ ಈ ಭೂಮಿಯ ಮೇಲೆ ಪೂರ್ತಿಯಾಗಿ ನಂಬಿರುವುದು ಒಂದನ್ನೇ, ತಮ್ಮ ಅನುಮಾನವನ್ನು! ದೇವರನ್ನೂ ನಂಬುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಪ್ರಸಾದದ ಪೊಟ್ಟಣವನ್ನು ಬಿಚ್ಚಿ ನೋಡಿದ ಮೇಲೆಯೇ ಕಣ್ಣಿಗೊತ್ತಿಕೊಳ್ಳುತ್ತಾರೆ. ನನ್ನ ಅಕ್ಕನನ್ನು ನೋಡಲು ಸಿದ್ದಾಪುರದ ನಮ್ಮ ಮನೆಗೆ ಬಂದಾಗ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಲೇ ಇಲ್ಲ. "ಮದ್ವೆ ದಿನ ಇದೇ ಕೂಸೇ ಬತ್ತು ಅಲ್ದಾ?" ಎಂದು ನಮ್ಮ ಅಪ್ಪನನ್ನು ಕೇಳಿದರಂತೆ! ಮಂಟಪದಲ್ಲಿ ಅಂತಃಪಟ ಸರಿದಾಗ ಬೇರೆ ಮದುಮಕ್ಕಳು ನಾಚಿ ತಲೆ ತಗ್ಗಿಸುತ್ತಾರೆ. ಇವರು ಅಕ್ಕನ ಎಡಗೆನ್ನೆಯ ಮಚ್ಚೆ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರು. ಮಚ್ಚೆ ಇತ್ತು. ಮದುವೆ ಆಯಿತು.

ಅವರನ್ನು ಬೈದು ಪ್ರಯೋಜನವಿಲ್ಲ, ಮಾಡಿದ ಕೆಲಸವೇ ಅಂಥದ್ದು. ಯಲ್ಲಾಪುರದಲ್ಲಿ ಮನೆ ಮಾಡಿಕೊಂಡು ಬಸ್ಸಿನ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಅರಬೈಲ್ ಘಟ್ಟದ ತಿರುವಿನಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಮೊದಲು ತಲೆ ಎಣಿಸುವುದು, ಆಮೇಲೆ ಟಿಕೆಟ್ ಎಣಿಸುವುದು. ಎರಡೂ ಹೊಂದಲಿಲ್ಲವೋ, ಬಸ್ಸು ಅಲ್ಲಿಂದ ಅಲುಗುವಂತಿಲ್ಲ. ಎಣಿಕೆಗೆ ಬೆರಳು ಮಡಚುವ ಅಭ್ಯಾಸ ಅಲ್ಲಿಂದಲೇ ಬಂದದ್ದು. ಕಳ್ಳನನ್ನು ಹಿಡಿಯುವ ಗುಟ್ಟನ್ನೂ ನನಗೆ ಹೇಳಿಕೊಟ್ಟಿದ್ದರು. ಅವರ ಬಾಯಲ್ಲಿ ನಾನೂ ಭಾವನೇ. "ಟಿಕೆಟ್ ಇದ್ದವ ಎನ್ನ ಮುಖ ನೋಡ್ತ. ಇಲ್ದವ ಕಿಟಕಿ ನೋಡ್ತ. ಇಷ್ಟೇಯ ಭಾವ!"

ನಿವೃತ್ತಿಯಾದ ಮೇಲೆ ತಪಾಸಣೆಗೆ ಬಸ್ಸಿಲ್ಲ. ಹಾಗೆಂದು ಅನುಮಾನ ನಿವೃತ್ತಿಯಾಗುತ್ತದೆಯೇ? ಬೆಳಿಗ್ಗೆ ಪೇಪರ್ ಬಂದರೆ ಸುದ್ದಿ ಓದುವ ಮೊದಲು ಪುಟ ಎಣಿಸುತ್ತಿದ್ದರು. ಇಂಥವರ ಕೈಗೆ ಹುಲಗೋಳಕ್ಕೆ ಮದುವೆಯಾಗಿ ಹೋದ ಮಗಳು ಒಂದು ಹೊಸ ಮೊಬೈಲು ತಂದುಕೊಟ್ಟಳು. ಪಾಪ, ಅಪ್ಪನಿಗೆ ಹೊತ್ತು ಹೋಗಲಿ ಎಂದು!

ಮಾರನೆಯ ದಿನವೇ ಶಿರಸಿಯಲ್ಲಿದ್ದ ನನಗೆ ಫೋನು.

"ಭಾವಾ, ಇದಕ್ಕೆ ಇಯರ್‌ಫೋನಿನ ತೂತೇ ಇಲ್ಲೆ!"

"ಈಗಿನ ಮೊಬೈಲಿಗೆ ಇರ್ತಿಲ್ಲೆ ಭಾವಾ. ಮುಚ್ಚಿದ್ದ."

"ಎಂತಕ್ಕೆ ಮುಚ್ಚಿದ್ದ? ಇಷ್ಟು ವರ್ಷ ತೆರೆದಿದ್ದ ಬಾಗಿಲನ್ನ ಯಾರಾದ್ರೂ ಸುಮ್ಮಂಗೆ ಮುಚ್ತ್ವಾ?"

ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದೇನೆ, ಇಂಥ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನ್ ಬರುತ್ತದೆ ಎಂದು ಸಮಾಧಾನ ಹೇಳಿದೆ. "ಗಾಳೀಲಿ ಬಪ್ಪ ದನಿಗೆ ಟಿಕೆಟ್ ಯಾರು ಕೊಡ್ತ?" ಎಂದು ಫೋನಿಟ್ಟರು.

ಅಸಲು ಗಲಾಟೆ ಶುರುವಾದದ್ದು ಮುಂದಿನ ಶುಕ್ರವಾರ. ಪ್ರತಿ ಶುಕ್ರವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಭಜನೆ. ಹಾಡುವವರು ಮೂವರು, ಹಾರ್ಮೋನಿಯಂ ಒಬ್ಬರು, ತಬಲಾ ಒಬ್ಬರು, ಅಕ್ಕನ ಕೈಯಲ್ಲಿ ತಾಳ. ಒಟ್ಟು ಆರು ಹೆಂಗಸರು. ಭಾವ ಜಗುಲಿಯಲ್ಲಿ ಕುಳಿತು ಹೊಸ ಮೊಬೈಲಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿದರು. ಆಮೇಲೆ ಕೇಳುತ್ತ ಎಣಿಸಿದರು. ಬಲಗೈಯ ಐದು ಬೆರಳೂ ಮಡಚಿದವು. ಎಡಗೈಯ ಹೆಬ್ಬೆರಳು ನಿಂತೇ ಇತ್ತು. ಕೂಡಲೇ ನನಗೆ ಫೋನು.

"ಹತ್ತಿದ್ದು ಆರು ಜನ, ಇಳ್ದಿದ್ದು ಐದೇ ಜನ! ನಿನ್ನ ಅಕ್ಕನ ತಾಳ ಎಲ್ಲಿ ಇಳ್ದೋತು?"

ಆ ರೆಕಾರ್ಡನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿದರು. ನಾನು ಕೇಳಿದೆ. ತಾಳ ಇತ್ತು. ಇತ್ತೇನು, ಹಾಡನ್ನೆಲ್ಲ ಅದೇ ನುಂಗಿಹಾಕಿತ್ತು! ಹಾಗೆಂದು ಹೇಳಿದರೆ ಅವರು ನಂಬಬೇಕಲ್ಲ?

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ನನಗೆ ಅರ್ಧ ಗೊತ್ತಿರುವುದನ್ನು ಪೂರ್ತಿ ಗೊತ್ತಿರುವವನ ಹಾಗೆ ಹೇಳುವ ಚಟ. ಮೊಬೈಲಿನೊಳಗೆ ಹಾಡು ಹಾಡಾಗಿ ಇರುವುದಿಲ್ಲ, ಸೊನ್ನೆ ಮತ್ತು ಒಂದು ಎಂಬ ಅಂಕಿಗಳಾಗಿ ಕುಳಿತಿರುತ್ತದೆ, ಒಳಗಿನ ಸಣ್ಣ ಚಿಪ್ ಅದನ್ನು ಮತ್ತೆ ದನಿ ಮಾಡಿ ಹೊರಗೆ ಬಿಡುತ್ತದೆ ಎಂದು ಪಾಠ ಮಾಡಿದೆ. ಭಾವ ಗಂಭೀರವಾಗಿ ಕೇಳಿದರು.

"ಅಂದ್ರೆ ನಿನ್ನ ಅಕ್ಕನ್ನ ಸೊನ್ನೆ ಮಾಡಿದ್ದ ಹೇಳಾತು!"

"ಹಂಗಲ್ಲ ಭಾವಾ. ಒಳಗಿನ ಚಿಪ್ ಸಾಲ್ದಿದ್ರೆ ಹೊರಗಿಂದ ಬೇರೆ ಪರಿವರ್ತಕ ಹಚ್ಚಲಾಗ್ತು. ಅದಕ್ಕೆ ಡ್ಯಾಕ್ ಹೇಳ್ತ."

ಮುಗಿಯಿತು! ಎರಡೇ ದಿನದಲ್ಲಿ ಭಾವ ಶಿರಸಿಯ ಬಸ್ಸಿಳಿದರು. ನಾವಿಬ್ಬರೂ ಪೇಟೆಯ ರಫೀಕ್ ಭಾಯಿಯ ಮೊಬೈಲ್ ಅಂಗಡಿಗೆ ಹೋದೆವು. ರಫೀಕನ ಅಪ್ಪ ಲಾರಿ ಓಡಿಸುತ್ತಿದ್ದ ಕಾಲದಿಂದಲೂ ಭಾವನಿಗೆ ಗುರುತು. ಅವನು ಒಂದು ಪುಟ್ಟ ಡಬ್ಬಿ ತೆಗೆದುಕೊಟ್ಟ. ಬೆಂಕಿಪೊಟ್ಟಣದ ಅರ್ಧದಷ್ಟು ವಸ್ತು, ಅದಕ್ಕೊಂದು ಗಿಡ್ಡ ಬಾಲ. ಬಾಲವನ್ನು ಮೊಬೈಲಿಗೆ ಸಿಕ್ಕಿಸಿ, ಇಯರ್‌ಫೋನನ್ನು ಡಬ್ಬಿಗೆ ಸಿಕ್ಕಿಸಿದರೆ ದನಿ ಡಬ್ಬಿಯ ಮೂಲಕವೇ ಬರಬೇಕು. ಡಬ್ಬಿಯ ಮೇಲೊಂದು ಸಣ್ಣ ದೀಪ. ಒಂದು ಹಾಡಿಗೆ ಹಸಿರು, ಇನ್ನೊಂದು ಹಾಡಿಗೆ ನೀಲಿ.

"ಹಾಡಿನ ಕ್ವಾಲಿಟಿ ನೋಡಿ ಬಣ್ಣ ಬದಲಾಗ್ತದೆ ಸಾಹೇಬ್ರೇ," ಎಂದ ರಫೀಕ್.

"ಬಣ್ಣ ಬದಲಾಯಿಸುವವನನ್ನು ನಾನು ಸರ್ವೀಸಿನಲ್ಲೇ ನಂಬಲಿಲ್ಲ," ಎಂದರು ಭಾವ. ಆದರೂ ತೆಗೆದುಕೊಂಡರು.

ಡ್ಯಾಕು ಬಂತು. ತಾಳ ಬರಲಿಲ್ಲ! ಭಾವ ಈಗ ಡ್ಯಾಕಿನ ಮೇಲೂ ಒಂದು ಕಣ್ಣಿಟ್ಟರು. ವಾಟ್ಸಾಪಿನಲ್ಲಿ ನನಗೆ ಕಳಿಸಿದ ಭಜನೆಯ ಕಡತ ಎಷ್ಟು ಎಂಬಿ ಹೊರಟಿತ್ತು, ಎಷ್ಟು ಎಂಬಿ ತಲುಪಿತು ಎಂದು ಫೋನು ಮಾಡಿ ವಿಚಾರಿಸಿದರು. ಹೊರಟದ್ದೂ ತಲುಪಿದ್ದೂ ಸರಿಸಮವಾಗಿತ್ತು. ಅದಕ್ಕೂ ಅನುಮಾನ! "ಲೆಕ್ಕ ಇಷ್ಟು ಚೊಲೋ ಹೊಂದಿದ್ರೆ ಕಂಡಕ್ಟರ್ ಹುಷಾರಿದ್ದ ಹೇಳಿ ಅರ್ಥ!"

ಒಂದು ದಿನ ಯಲ್ಲಾಪುರಕ್ಕೆ ಹೋಗಿದ್ದೆ. ಚಂದಗುಳಿಯ ಘಂಟಿ ಗಣಪತಿಗೆ ಹೋಗಿಬರೋಣ ಎಂದರು. ಇಷ್ಟೊಂದು ಭಕ್ತಿ ಎಲ್ಲಿಂದ ಬಂತಪ್ಪ ಎಂದುಕೊಂಡೆ. ಅಲ್ಲಿ ಹೋದ ಮೇಲೆ ಜೇಬಿನಿಂದ ಮೊಬೈಲು, ಡ್ಯಾಕು, ಇಯರ್‌ಫೋನು ಎಲ್ಲ ಹೊರಬಂದವು! ಹರಕೆಯ ಗಂಟೆಗಳು ಆ ದೇವಸ್ಥಾನದ ತುಂಬ ತೂಗಾಡುತ್ತವೆ, ಕೊಡದಷ್ಟು ದೊಡ್ಡದರಿಂದ ಹೆಬ್ಬೆರಳಷ್ಟು ಸಣ್ಣದರವರೆಗೆ. ದನಿ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ದೊಡ್ಡ ಗಂಟೆ ಬಾರಿಸಿ ಕೇಳಿದರು, "ಇಳತ್ತು" ಎಂದು ಒಂದು ಬೆರಳು ಮಡಚಿದರು. ನಡುವಿನದಕ್ಕೂ ಹೂಂ ಎಂದು ತಲೆ ಅಲ್ಲಾಡಿಸಿದರು. ಸಣ್ಣದನ್ನು ಬಾರಿಸಿ, ರೆಕಾರ್ಡ್ ಕೇಳಿ, ಇಯರ್‌ಫೋನು ಕಿತ್ತು, ಬರಿಗಿವಿಯಲ್ಲೂ ಕೇಳಿ ನೋಡಿ ತೀರ್ಪು ಕೊಟ್ಟರು. "ಇದು ಅಸಲು ಹಿತ್ತಾಳೆ ಅಲ್ಲ!"

ಹೊರಗೆ ಗಂಟೆ ಮಾರುತ್ತ ಕುಳಿತಿದ್ದ ಹೆಂಗಸಿಗೂ ಅದನ್ನೇ ಹೇಳಿದರು. ಆಕೆಗೆ ಸಿಟ್ಟು ಬಂತು. ಪುಟ್ಟ ಗಂಟೆಯೊಂದನ್ನು ಎತ್ತಿ ಭಾವನ ಬೆನ್ನ ಹಿಂದೆ ಕಿಣಿಕಿಣಿ ಬಾರಿಸಿದಳು. ಪ್ರದಕ್ಷಿಣೆ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಭಾವ ಒಬ್ಬರು ತಿರುಗಲಿಲ್ಲ. ನನಗೂ ಒಂದು ಅನುಮಾನ ಬಂತು. ಅನುಮಾನದ ಗುತ್ತಿಗೆ ಭಾವನದು, ನನಗೇಕೆ ಎಂದು ಸುಮ್ಮನಾದೆ.

ಆಮೇಲೆ ಸಿದ್ದಾಪುರದ ನಮ್ಮ ಮನೆಯಲ್ಲಿ ಸತ್ಯನಾರಾಯಣ ವ್ರತ. ಊಟ ಮುಗಿಸಿ ಎಲ್ಲ ಎಲೆ ಅಡಿಕೆಯ ಕವಳ ಹಾಕುತ್ತ ಕುಳಿತಿದ್ದಾಗ ಭಾವ ಬಾಗಿಲಿಗೆ ಅಡ್ಡ ನಿಂತರು. "ಯಾರೂ ಏಳಡಿ!" ಸಾಲಾಗಿ ಒಬ್ಬೊಬ್ಬರ ಕಿವಿಗೂ ಇಯರ್‌ಫೋನು ಸಿಕ್ಕಿಸಿದರು. "ತಾಳ ಕೇಳ್ತಾ?" ಕೇಳ್ತು. "ನಿಂಗೆ?" ಕೇಳ್ತು. ಪುರೋಹಿತರನ್ನೂ ಬಿಡಲಿಲ್ಲ. ಅವರೂ ಕೇಳ್ತು ಎಂದರು. ಹದಿನೇಳು ಜನರ ತಪಾಸಣೆ ಮುಗಿಸಿ ನನ್ನ ಕಡೆ ತಿರುಗಿದರು. "ಇಡೀ ಬಸ್ಸೇ ಒಂದು ಸುಳ್ಳು ಹೇಳ್ತು ಅಂದ್ರೆ, ಕಂಡಕ್ಟರೂ ಸೇರಿದ್ದ!" ಆ ಕಂಡಕ್ಟರು ನಾನೇ ಎಂದು ಬೇರೆ ಹೇಳಬೇಕೆ?

ಇತ್ತ ಅಕ್ಕನ ಮೇಲೆ ಇನ್ನೊಂದು ದೂರು. ಹಾರ್ಮೋನಿಯಂ ನುಡಿಸುವವರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಅಕ್ಕಂಗೆ ಸ್ವಲ್ಪ ಹೇಳಿ ಮಾಸ್ತರೇ. ಅವರ ತಾಳದ ಮುಂದೆ ನಮ್ಮ ಹಾಡು ದೇವರಿಗೂ ಕೇಳ್ತಾ ಇಲ್ಲ," ಎಂದರು. ನನಗೆ ಅನಿಸಿದ್ದು, ವಯಸ್ಸಾದ ಹಾಗೆ ಅಕ್ಕನಿಗೆ ಸ್ವಲ್ಪ ಗರ್ವ ಬಂದಿರಬೇಕು. ಹೋಗಿ ಕೆಣಕಿದೆ.

"ಅಕ್ಕಾ, ನೀನು ತಾಳ ಹೊಡಿತ್ಯೋ, ಕಟ್ಟಿಗೆ ಒಡಿತ್ಯೋ?"

"ಕೈ ಹಂಗೇ ಬತ್ತು ತಮಾ," ಎಂದು ಅಕ್ಕ ಕಿಟಕಿಯ ಕಡೆ ನೋಡಿದಳು. ಭಾವನ ಪಾಠ ಆಗ ನನಗೆ ನೆನಪಾಗಲಿಲ್ಲ. ನಾನು ಯಾವತ್ತೂ ದಡ್ಡ ವಿದ್ಯಾರ್ಥಿಯೇ.

ಭಾವ ಡ್ಯಾಕನ್ನು ಹಿಡಿದುಕೊಂಡು ಮತ್ತೆ ರಫೀಕನ ಅಂಗಡಿಗೆ ಬಂದರು, ಕಳ್ಳಮಾಲು ಕೊಟ್ಟಿದ್ದೀಯ ಎಂದು. ರಫೀಕ್ ನಗುತ್ತಲೇ ಒಂದು ಪರೀಕ್ಷೆ ಇಟ್ಟ. ಇಯರ್‌ಫೋನಿನ ತೂತು ಇನ್ನೂ ತೆರೆದಿದ್ದ ಹಳೆಯ ಮೊಬೈಲೊಂದನ್ನು ಕೌಂಟರಿನ ಕೆಳಗೆ ಇಟ್ಟುಕೊಂಡ. ಭಜನೆಯನ್ನು ಎರಡು ಸಲ ಕೇಳಿಸುತ್ತೇನೆ, ಯಾವಾಗ ಡ್ಯಾಕ್ ಹಚ್ಚಿದ್ದೇನೆ ಎಂದು ನೀವು ಹೇಳಬೇಕು ಎಂದ. ಭಾವ ಕಣ್ಣು ಮುಚ್ಚಿ ಕೇಳಿದರು. "ಎರಡನೇ ಸಲ! ದನಿ ಎಷ್ಟು ಶುದ್ಧ ಬಂತು ನೋಡು!" ಎಂದರು. ಡ್ಯಾಕು ಎರಡು ಸಲವೂ ರಫೀಕನ ಅಂಗಿ ಜೇಬಿನಲ್ಲೇ ಇತ್ತು.

ಅವನು ಭಾವನಿಗೆ ಅದನ್ನು ಹೇಳಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ನನ್ನ ತೋಳು ಹಿಡಿದ. "ಮಾಸ್ತರೇ, ಮೊಬೈಲ್ ಸರಿ ಇದೆ. ಡಬ್ಬಿ ಸರಿ ಇದೆ. ನಮ್ಮ ಅಬ್ಬಾಗೂ ಹೀಗೇ ಆಗಿತ್ತು," ಎಂದು ತನ್ನ ಕಿವಿಯನ್ನು ಮುಟ್ಟಿ ತೋರಿಸಿದ.

ಗೊತ್ತಿತ್ತು. ಚಂದಗುಳಿಯಲ್ಲೇ ಗೊತ್ತಾಗಿತ್ತು. ಹೇಳಲು ನನಗೆ ಹೆದರಿಕೆ, ಅಷ್ಟೆ. ನೇರವಾಗಿ ಹೇಳಿದರೆ ನನ್ನನ್ನೂ ಕಳ್ಳರ ಪಟ್ಟಿಗೆ ಸೇರಿಸುತ್ತಾರೆ. ಆದ್ದರಿಂದ ಒಂದು ಉಪಾಯ ಮಾಡಿದೆ. "ಭಾವಾ, ಕಂಪನಿಯವ್ರು ತಪ್ಪನ್ನ ನಿಂಗಳ ಕಿವಿ ಮೇಲೇ ಹಾಕ್ತ. ಕಿವಿ ಸರಿ ಇದ್ದು ಹೇಳಿ ಒಂದು ಸರ್ಟಿಫಿಕೇಟ್ ಇದ್ರೆ ಅವ್ರ ಬಾಯಿ ಮುಚ್ಚಿಸಲಾಗ್ತು." ಸಾಕ್ಷಿ ಎಂದರೆ ಭಾವನಿಗೆ ಪ್ರಾಣ. ಕೂಡಲೇ ಹೊರಟುಬಿಟ್ಟರು!

ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಶಿರಸಿಗೆ ಬಂದು ಕಿವಿ ಪರೀಕ್ಷೆ ಮಾಡುವ ಒಬ್ಬ ಹುಡುಗಿ ಇದ್ದಳು. ಗಾಜಿನ ಕಿಟಕಿಯಿರುವ ಸಣ್ಣ ಕೋಣೆಯಲ್ಲಿ ಭಾವನನ್ನು ಕೂರಿಸಿ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟಳು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಭಾವ ಒತ್ತಿದರು. ಮತ್ತೆ ಒತ್ತಿದರು. ಭಜನೆಗೆ ತಾಳ ಹಾಕಿದಷ್ಟು ಕ್ರಮವಾಗಿ ಒತ್ತಿದರು. ನನಗೆ ಖುಷಿಯಾಯಿತು. ಪರವಾಗಿಲ್ಲ, ಕಿವಿ ಚುರುಕಾಗಿಯೇ ಇದೆ!

ಹುಡುಗಿ ಬಾಗಿಲು ತೆಗೆದಳು. "ಯಜಮಾನ್ರ, ಈಗ ಆರು ಸಲ ಒತ್ತೀರಿ. ನಾ ಇನ್ನೂ ಸೌಂಡ ಬಿಟ್ಟ ಇಲ್ರಿ!"

ಭಾವ ಅವಳ ಮುಖ ನೋಡಲಿಲ್ಲ. ಗಾಜಿನ ಕಿಟಕಿಯನ್ನು ನೋಡಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರೂ ಬಂದು ಪಕ್ಕದಲ್ಲಿ ಕುಳಿತರು.

"ಸಿಕ್ಕಿ ಬಿದ್ದೆ ಭಾವಾ," ಎಂದರು. "ಎರಡು ವರ್ಷ ಆತು. ಮೊದ್ಲು ಕುಕ್ಕರಿನ ಸೀಟಿ ಹೋತು. ಆಮೇಲೆ ನಿನ್ನ ಅಕ್ಕನ ಬಳೆ ಸದ್ದು ಹೋತು. ತಾಳನೂ ಹೋದ್ಮೇಲೆ ಹೆದರಿಕೆ ಆತು. ಮೊಬೈಲಿಂದೇ ತಪ್ಪು ಹೇಳಾದ್ರೆ ಅಡ್ಡಿಲ್ಲೆ, ಮೊಬೈಲ್ ಬದ್ಲಾಯ್ಸಲಾಗ್ತು. ಅದ್ಕೇ ಹುಡುಕ್ತಾ ಇದ್ದಿದ್ದೆ."

ಈ ಮನುಷ್ಯನ ಹುಡುಕಾಟವನ್ನು ಊರೆಲ್ಲ ಹೇಳಿಕೊಂಡು ನಕ್ಕಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಎರಡೂ ಕಿವಿಗೆ ಯಂತ್ರ ಬಂತು. ಹುಡುಗಿ ಹಾಕಿಕೊಟ್ಟು, "ಇದೂ ಒಂಥರಾ ಕನ್ವರ್ಟರ್ರೇ ಅಂತ ತಿಳ್ಕೋರಿ. ನಿಮ್ಮ ಕಿವಿಗೆ ಹೊಂದೂ ಹಂಗ ಸೌಂಡ ಮಾಡಿ ಕೊಡತೈತಿ," ಎಂದಳು. ಭಾವ ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ಹೊರಳಿಸಿ ನೋಡಿದರು. ಬಣ್ಣ ಬದಲಿಸುವ ದೀಪ ಇಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಪ್ಪಿದರು!

ಆ ಶುಕ್ರವಾರ ನಾನೂ ಯಲ್ಲಾಪುರಕ್ಕೆ ಹೋದೆ. ಭಜನೆಯವರೆಲ್ಲ ಕುಳಿತರು. ಭಾವ ಜಗುಲಿ ಬಿಟ್ಟು ಒಳಗೇ ಬಂದು ಕಂಬಕ್ಕೆ ಒರಗಿ ಕುಳಿತರು. ಮೊಬೈಲೂ ಇಲ್ಲ, ಡ್ಯಾಕೂ ಇಲ್ಲ. ಹಾರ್ಮೋನಿಯಂ ಶುರುವಾಯಿತು. ಅಕ್ಕ ಎಂದಿನಂತೆ ತೋಳೆತ್ತಿ ಶಕ್ತಿಯೆಲ್ಲ ಹಾಕಿ ತಾಳ ಹೊಡೆದಳು.

ಭಾವ ಕುಳಿತಲ್ಲೇ ಹಾರಿಬಿದ್ದರು. "ಸಣ್ಣಕೆ ಹೊಡಿಯೇ ಮಾರಾಯ್ತಿ! ಕಿವಿ ಒಡದೋತು!"

ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ತಾಳವನ್ನು ಮಡಿಲಲ್ಲಿಟ್ಟುಕೊಂಡು ಬಲದ ತೋಳನ್ನು ತಿಕ್ಕಿಕೊಂಡಳು.

"ಕೇಳ್ತಾ?" ಎಂದಳು. "ಎರಡು ವರ್ಷ ಆತು. ಜಗುಲಿವರೆಗೆ ಮುಟ್ಲಿ ಹೇಳಿ ಹೊಡದೂ ಹೊಡದೂ ತೋಳೆಲ್ಲ ನೋಯ್ತು."

ಹಾರ್ಮೋನಿಯಂನವರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅಷ್ಟು ವರ್ಷ ಬಸ್ಸು ಬಸ್ಸು ಹತ್ತಿ ಇಳಿದವರು, ಒಬ್ಬರನ್ನೂ ಬಿಡದವರು, ತಮ್ಮ ಮನೆಯಲ್ಲೇ ಇದ್ದ ಈ ಗುಟ್ಟನ್ನು ಹಿಡಿದಿರಲಿಲ್ಲ. ಭಾವ ಕಿಟಕಿಯ ಕಡೆ ನೋಡಲಿಲ್ಲ. ಅಂತಃಪಟ ಸರಿದ ದಿನ ನೋಡಿದಂತೆ ಬಗ್ಗಿ ಅಕ್ಕನ ಮುಖವನ್ನೇ ನೋಡಿದರು.

"ಸಣ್ಣಕೇ ಹೊಡಿ," ಎಂದರು. "ಸಾಕಾಗ್ತು."

ಹಾಡು ಮತ್ತೆ ಶುರುವಾಯಿತು. ಮೂವರ ದನಿ, ಹಾರ್ಮೋನಿಯಂ, ತಬಲಾ. ಭಾವ ಬಲಗೈಯ ಐದು ಬೆರಳು ಮಡಚಿದರು. ಅಕ್ಕ ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ, ಒಂದಕ್ಕೊಂದು ತಾಗಿದ್ದು ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ ತಾಳ ಹಾಕಿದಳು.

ಭಾವ ಎಡಗೈಯ ಹೆಬ್ಬೆರಳು ಮಡಚಿದರು.